ಮೂಗುರಾಯನ ಮನೆಯಲ್ಲಿ ಕಾಫಿಯ ವಾಸನೆ

ಚಳಿ ಆಗಷ್ಟೇ ಕಾಲಿಟ್ಟಿತ್ತು. ಬೀದಿ ದೀಪ ಹತ್ತುವ ಹೊತ್ತು. ಕೆಲಸದಿಂದ ಬಂದ ನನ್ನ ತಮ್ಮ ಹೊಸ್ತಿಲ ಮೇಲೆ ಒಂದು ಶೂ ಬಿಚ್ಚಿ, ಇನ್ನೊಂದನ್ನು ಬಿಚ್ಚದೆ, ಕೊಕ್ಕರೆಯ ಹಾಗೆ ಒಂಟಿಕಾಲಲ್ಲಿ ನಿಂತುಬಿಟ್ಟ. ಮುಖ ಮೇಲೆತ್ತಿದ. ಮೂಗಿನ ಹೊಳ್ಳೆ ಎರಡೂ ಅರಳಿದವು.

"ಅಕ್ಕಾ," ಎಂದ, ಒಳಗೆ ಕಳ್ಳ ಇದ್ದಾನೆ ಎನ್ನುವ ದನಿಯಲ್ಲಿ. "ಮನೇಲಿ ಕಾಫಿ ಇದೆ."

ಬೇರೆಯವರ ಮನೆಯಲ್ಲಾದರೆ ಇದು ಸಂತೋಷದ ಸುದ್ದಿ. ನಮ್ಮ ಮನೆಯಲ್ಲಿ ಹಾವಿದೆ ಅಂದ ಹಾಗಾಯಿತು.

ಯಾಕೆಂದರೆ ನನ್ನ ತಮ್ಮ ಟೀ ಕಂಪನಿಯಲ್ಲಿ ರುಚಿ ನೋಡುವ ಕೆಲಸದವನು. ಉದ್ದನೆಯ ಮೇಜಿನ ಮೇಲೆ ಬಿಳಿ ಬಟ್ಟಲುಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಒಂದೊಂದನ್ನೂ ಮೂಸಿ, ಒಂದು ಚಮಚ ಬಾಯಿಗೆ ಸೊರ್ ಎಂದು ಎಳೆದು, ಉಗುಳಿ, ಇದು ಯಾವ ದರ್ಜೆಯ ಎಲೆ ಎಂದು ಹೇಳಬೇಕು. ನಾಲಿಗೆಗಿಂತ ಮೂಗು ಮುಖ್ಯ. ಆ ಮೂಗಿನ ಅನ್ನವನ್ನೇ ಅವನು, ಅವನ ಹೆಂಡತಿ, ನಾನು ಮೂವರೂ ತಿನ್ನುತ್ತಿದ್ದುದು. ಹಾಗಾಗಿ ಮನೆಯಲ್ಲಿ ಪರಿಮಳದ ಸೋಪಿಲ್ಲ, ಹೂವಿಲ್ಲ, ಒಗ್ಗರಣೆ ಜೋರಿಲ್ಲ, ಮುಖಕ್ಕೆ ಪೌಡರಿಲ್ಲ. ಕಾಫಿಯಂತೂ ಮಾತಿನಲ್ಲೂ ಇಲ್ಲ. ಅವನ ಆಫೀಸಿನಲ್ಲಿ ಅದರ ಹೆಸರು ಹೇಳುವುದು ಅಶುಭವೆಂದು 'ಅದು' ಎನ್ನುತ್ತಿದ್ದರಂತೆ. ಎದುರು ರಸ್ತೆಯಲ್ಲಿ ಕಾಫಿ ಕಂಪನಿಯೊಂದು ಬಾಗಿಲು ತೆರೆದ ಮೇಲೆ 'ಅದು' ಕೂಡ ಹೇಳದೆ ಕಣ್ಣಲ್ಲೇ ತೋರಿಸುತ್ತಿದ್ದರು. ಬೀದಿಯವರು ನನ್ನ ತಮ್ಮನಿಗೆ ಇಟ್ಟ ಹೆಸರು ಮೂಗುರಾಯ. ಅವನಿಗೆ ಅದು ಬಿರುದೆಂದೇ ಅನಿಸಿತ್ತು.

ಇಂಥ ಮನೆಯಲ್ಲಿ ಕಾಫಿ ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು. ನನ್ನ ಕಣ್ಣೆದುರೇ ಬಂದಿತ್ತು.

ತಮ್ಮನ ಹೆಂಡತಿ, ಅಂದರೆ ನನ್ನ ನಾದಿನಿ, ಮನೆಯಲ್ಲೇ ಹೆಂಗಸರ ಬಟ್ಟೆ ಹೊಲಿಯುತ್ತಿದ್ದಳು. ಅವತ್ತು ಮಧ್ಯಾಹ್ನ ಸೆಂಟಿನ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ ತನ್ನ ಕೋಟು ತೆಗೆದುಕೊಂಡು ಹೋಗಲು ಬಂದಿದ್ದಳು. ಕೋಟು ಮೈಗೆ ಎರಕ ಹೊಯ್ದ ಹಾಗೆ ಕೂತದ್ದನ್ನು ಕನ್ನಡಿಯಲ್ಲಿ ನೋಡಿ ಕುಣಿದಾಡಿ, ಬ್ಯಾಗಿನಿಂದ ಹೆಬ್ಬೆರಳಷ್ಟು ಗಾಜಿನ ಬಾಟಲಿ ತೆಗೆದು ನಾದಿನಿಯ ಅಂಗೈಯಲ್ಲಿಟ್ಟಳು.

"ಆಂಟಿ, ಇದು ಹೊಸದು. ಹೆಂಗಸರಿಗೆ ಅಂತಲೇ ಮಾಡಿರೋದು. ಕಾಫಿ ಪರಿಮಳ."

"ಕಾಫೀನ ಮೈಗೆ ಹಚ್ಕೋತಾರಾ?" ಎಂದಳು ನಾದಿನಿ.

"ಹಚ್ಕೊಂಡು ನೋಡಿ ಆಮೇಲೆ ಹೇಳಿ. ಆದ್ರೆ ಯಾವಾಗಂದ್ರೆ ಆವಾಗ ಹಚ್ಕೊಳ್ಳೋದಲ್ಲ. ಬಿಸಿಲಿಗೆ ಬೇಡ, ತಲೆನೋವು ಬರುತ್ತೆ. ಬಸ್ಸಲ್ಲಿ ಬೇಡ, ಪಕ್ಕದೋರು ಒರಗ್ತಾರೆ. ಊಟದ ಹೊತ್ತಲ್ಲಂತೂ ಬೇಡವೇ ಬೇಡ. ಚಳಿಗಾಲದ ಸಂಜೆ ಇದಕ್ಕೆ ಸರಿಯಾದ ಹೊತ್ತು. ಕಿವಿ ಹಿಂದೆ ಒಂದು ತೊಟ್ಟು, ಕತ್ತಿಗೆ ಒಂದು ತೊಟ್ಟು. ಉಜ್ಜಬಾರದು. ಯಾರು ಹತ್ತಿರ ಬರ್ಲಿ ಅನ್ಸುತ್ತೋ ಅವ್ರು ಬರೋದಕ್ಕೆ ಸ್ವಲ್ಪ ಮುಂಚೆ ಹಚ್ಕೊಂಡು ಸುಮ್ನೆ ಕೂತಿರಿ. ಮಿಕ್ಕಿದ್ದು ಅದೇ ನೋಡ್ಕೊಳ್ಳುತ್ತೆ."

ಹುಡುಗಿ ಹೋದ ಮೇಲೆ ನಾದಿನಿ ಬಾಟಲಿಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ನೋಡಿದಳು. "ಅಕ್ಕಾ, ನೀವು ಬಾಯಿ ಬಿಡಬೇಡಿ. ಅವ್ರಾಗೇ ಕಂಡುಹಿಡೀಲಿ. ಅಷ್ಟು ದೊಡ್ಡ ಮೂಗಲ್ವಾ?"

ಸಂಜೆ ಕಿವಿ ಹಿಂದೆ ಒಂದು ತೊಟ್ಟು, ಕತ್ತಿಗೆ ಒಂದು ತೊಟ್ಟು ಹಚ್ಚಿ, ಹುಡುಗಿ ಹೇಳಿದ ಹಾಗೆ ಸುಮ್ಮನೆ ಕೂತಳು.

ದೊಡ್ಡ ಮೂಗು ಬಂತು. ಕಂಡುಹಿಡಿಯಿತು. ಹೆಂಡತಿಯ ಪಕ್ಕದಿಂದಲೇ ದಾಟಿಕೊಂಡು ಅಡುಗೆಮನೆಗೆ ಹೋಯಿತು.

ಟೀ ಕೆಟಲ್ ಮೂಸಿದ. ಹಾಲಿನ ಪಾತ್ರೆ ಮೂಸಿದ. ಪಾತ್ರೆ ತೊಳೆಯುವ ನಾರನ್ನು ಹಿಂಡಿ ಮೂಸಿದ. ಕಸದ ಬುಟ್ಟಿಯೊಳಗೆ ತಲೆ ಹಾಕಿದ. ನಾದಿನಿ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದಳು. ಅವನು ಓಡಾಡುವಾಗ ಎರಡು ಸಲ ಅವಳಿಗೆ ಡಿಕ್ಕಿ ಹೊಡೆದ.

"ಯಾರು ಬಂದಿದ್ರು ಮನೆಗೆ?"

"ಕೋಟಿನ ಹುಡುಗಿ."

"ಅವಳು ಕಾಫಿ ಕುಡಿದಳಾ?"

"ನೀರು ಕುಡಿದಳು."

"ಲೋಟ ಎಲ್ಲಿ?" ಎಂದು ಲೋಟವನ್ನೂ ಮೂಸಿದ.

ಇಲ್ಲಿ ಅವನ ಕಸುಬಿನ ಒಂದು ಗುಟ್ಟು ಹೇಳಬೇಕು, ಇಲ್ಲದಿದ್ದರೆ ನನ್ನ ತಮ್ಮ ಬರೀ ಪೆದ್ದ ಎಂದುಕೊಂಡುಬಿಡುತ್ತೀರಿ. ರುಚಿ ನೋಡುವವರಿಗೆ ಮೊದಲ ದಿನ ಕಲಿಸುವುದೇ ಮನುಷ್ಯರನ್ನು ಲೆಕ್ಕದಿಂದ ಕಳೆಯುವುದು. ಬಟ್ಟಲ ಪಕ್ಕದಲ್ಲಿ ನಿಂತವನ ಬೆವರು, ಅವನ ಎಣ್ಣೆ, ಅವನ ಬೆಳಗಿನ ತಿಂಡಿ ಎಲ್ಲವನ್ನೂ ಮೂಗು ಇಲ್ಲವೆಂದು ಎಣಿಸಬೇಕು. ವಾಸನೆ ಎಂದರೆ ಮೇಜಿನ ಮೇಲೆ ಇರುವುದು, ಮನುಷ್ಯರದ್ದು ವಾಸನೆಯಲ್ಲ. ಈ ವಿದ್ಯೆಯನ್ನು ನನ್ನ ತಮ್ಮ ಎಷ್ಟು ಚೆನ್ನಾಗಿ ಕಲಿತನೆಂದರೆ, ಮನೆಗೆ ಬಂದ ಮೇಲೂ ಕಳೆಯುವುದನ್ನು ಬಿಟ್ಟಿರಲಿಲ್ಲ.

ಆ ರಾತ್ರಿ ಅವನಿಗೆ ಊಟ ಸೇರಲಿಲ್ಲ. ತಟ್ಟೆಯ ಮುಂದೆ ಕೂತು ನನಗೆ ಮಾತ್ರ ಕೇಳುವ ಹಾಗೆ ಹೇಳಿದ: "ಅಕ್ಕಾ, ಮನೇಲಿ ಕಾಫಿ ಸಿಗ್ಲಿಲ್ಲ ಅಂದ್ರೆ ಅದು ನನ್ನ ಮೂಗೊಳಗಿದೆ ಅಂತ ಅರ್ಥ."

ಅವನ ಜೊತೆಗಾರನೊಬ್ಬನಿಗೆ ಹೀಗೇ ಆಗಿತ್ತು. ಎಲ್ಲಿ ಹೋದರೂ ಹೊಗೆಯ ವಾಸನೆ. ಕೊನೆಗೆ ಅವನನ್ನು ರುಚಿ ಕೋಣೆಯಿಂದ ತೆಗೆದು ಕೆಳಗಿನ ಗೋದಾಮಿಗೆ, ಗೋಣಿಚೀಲ ಹೊಲಿಯುವವರ ಮೇಲ್ವಿಚಾರಣೆಗೆ ಹಾಕಿದ್ದರು. ಅದೂ ಅಲ್ಲದೆ, ಹಿರಿಯ ರುಚಿಗಾರರು (ಆಫೀಸಿನಲ್ಲಿ ಅವರಿಗೆ 'ದೊಡ್ಡ ನಾಲಿಗೆ' ಎಂದು ಹೆಸರು) ಆ ತಿಂಗಳ ಕೊನೆಗೆ ನಿವೃತ್ತರಾಗುವವರಿದ್ದರು. ಅವರ ಕುರ್ಚಿಗೆ ಇಬ್ಬರು ಕಾದಿದ್ದರು. ಒಬ್ಬ ನನ್ನ ತಮ್ಮ. ಇನ್ನೊಬ್ಬ, ಪ್ರತಿ ಚಮಚಕ್ಕೂ ತುಟಿ ಒರೆಸಿಕೊಳ್ಳುವ ಒಬ್ಬ ಮನುಷ್ಯ. ಅವನಿಗೆ ಕರ್ಚೀಫು ಎನ್ನುತ್ತಿದ್ದರು. ಇಬ್ಬರನ್ನೂ ಮೇಜಿನ ಮುಂದೆ ನಿಲ್ಲಿಸಿ ಪರೀಕ್ಷೆ ಮಾಡುವುದೆಂದು ತೀರ್ಮಾನವಾಗಿತ್ತು. ಇಷ್ಟು ವರ್ಷ ಸಪ್ಪೆ ಉಂಡು, ಸಪ್ಪೆ ಸೋಪಿನಲ್ಲಿ ಮಿಂದು ಕಾದದ್ದು ಆ ಕುರ್ಚಿಗಾಗಿ.

ನಾನು ನಾದಿನಿಯನ್ನು ಹಿತ್ತಲಿಗೆ ಕರೆದು ಹೇಳಿದೆ: "ಪರೀಕ್ಷೆ ಮುಗಿಯೋವರೆಗಾದ್ರೂ ಆ ಬಾಟ್ಲಿ ಎತ್ತಿಡು ತಾಯಿ. ಅವನು ಹೆದರ್ಕೊಂಡಿದಾನೆ."

"ಹೆದರ್ಕೊಳ್ಳಿ," ಎಂದಳು. "ಎರಡು ಸಲ ಡಿಕ್ಕಿ ಹೊಡೆದ್ರು ಅಕ್ಕಾ. 'ಸರ್ಕೊಳೆ' ಅಂದ್ರು."



ಮರುದಿನ ಸಂಜೆಯೂ ಹಚ್ಚಿದಳು. ಅದರ ಮರುದಿನವೂ. ಅವಳದು ಒಂದೇ ಹಟ: ಅವನಾಗೇ ಹೇಳಬೇಕು. ಅವನದೂ ಒಂದೇ ಹಟ: ಕಾಫಿ ಸಿಗಬೇಕು. ಇಬ್ಬರ ನಡುವೆ ನಾನು ಅಡಕತ್ತರಿಯ ಅಡಕೆ.

ಮನೆಯೊಳಗೆ ಸಿಗದೆ ಹೋದ ಮೇಲೆ ಅವನ ಅನುಮಾನ ಕೆಳಗಿನ ಮನೆಯ ಟೀಚರಮ್ಮನ ಮೇಲೆ ಹೊರಳಿತು. ಅವರು ಕೆಲಸದಿಂದ ನಿವೃತ್ತರಾದರೂ ಬೆತ್ತದಿಂದ ನಿವೃತ್ತರಾಗದವರು. ಅವರ ಬಚ್ಚಲಿನ ಪೈಪು ನಮ್ಮ ಗೋಡೆಗೆ ತಾಗಿಕೊಂಡೇ ಇತ್ತು. ನನ್ನ ತಮ್ಮ ಅವರ ಬಾಗಿಲು ತಟ್ಟಿದ.

"ಟೀಚರಮ್ಮಾ, ನೀವು ಬಚ್ಚಲಿಗೆ ಕಾಫಿ ಚೆಲ್ತೀರಾ?"

"ಚೆಲ್ಲೋಕೆ ನನಗೇನು ತಲೆ ಕೆಟ್ಟಿದೆಯೇನಯ್ಯ? ಕುಡೀತೀನಿ."

"ಹಾಗಾದ್ರೆ ಕಾಫಿ ಇದೆ!"

"ಇರತ್ತೆ. ಅದೇನು ಬಾಂಬಾ?"

"ನಮ್ಮನೆ ಅಡುಗೆಮನೇಲಿ ಸಂಜೆ ವಾಸನೆ ಬರುತ್ತೆ."

"ನಾನು ಸಂಜೆ ಕುಡಿಯಲ್ಲ, ನಿದ್ದೆ ಬರಲ್ಲ. ನಿಮ್ಮನೇಲೇ ನೋಡ್ಕೋ. ಬಗಲಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ್ನಂತೆ."

ಮೆಟ್ಟಿಲ ಮೇಲೆ ನಿಂತಿದ್ದ ನಾದಿನಿಯ ಕಡೆ ಟೀಚರಮ್ಮ ಒಮ್ಮೆ ಮೂಗು ತಿರುಗಿಸಿದರು. ಅವರ ಹುಬ್ಬು ನಿಧಾನವಾಗಿ ಮೇಲೇರಿತು. ಅವರಿಗೆ ಅರ್ಥವಾಯಿತು. ನಾದಿನಿ ತುಟಿಯ ಮೇಲೆ ಬೆರಳಿಟ್ಟಳು. ಬೀದಿಯಲ್ಲಿ ಗೊತ್ತಿಲ್ಲದವನು ಮೂಗುರಾಯನೊಬ್ಬನೇ ಎಂಬ ಸ್ಥಿತಿಗೆ ಅವತ್ತಿನಿಂದಲೇ ನಾವು ಬಂದೆವು.

ಅವನು ಮುನಿಸಿಪಾಲಿಟಿಗೆ ಹೋಗಿ ದೂರು ಕೊಟ್ಟ. ಚರಂಡಿ ಇನ್‌ಸ್ಪೆಕ್ಟರು ಬಂದರು. ಮಂಡಿಯವರೆಗೆ ಬೂಟು, ಕೈಯಲ್ಲಿ ಕಬ್ಬಿಣದ ಸಲಾಕೆ. ಬೀದಿಯವರೆಲ್ಲ ಕಿಟಕಿಗೆ ಬಂದರು.

"ಏನ್ರೀ ವಾಸನೆ? ಕೊಳೆತದ್ದಾ? ಸತ್ತದ್ದಾ?"

"ಕಾಫಿ," ಎಂದ ನನ್ನ ತಮ್ಮ.

ಇನ್‌ಸ್ಪೆಕ್ಟರು ಸಲಾಕೆಯನ್ನು ಗೋಡೆಗೆ ಒರಗಿಸಿದರು. "ಇನ್ನೊಂದ್ಸಲ ಹೇಳಿ."

"ಒಳ್ಳೆ ಹುರಿದ ಕಾಫಿ ಸಾರ್. ಹಿಂದೆಯೇ ಸ್ವಲ್ಪ ಹಾಲು ಕುದ್ದ ಹಾಗೆ."

"ಸ್ವಾಮಿ, ಈ ಕೆಲಸಕ್ಕೆ ಸೇರಿದಾಗಿಂದ ಚರಂಡಿಯಿಂದ ಒಳ್ಳೆ ವಾಸನೆ ಬರ್ತಿದೆ ಅಂತ ದೂರು ಕೊಟ್ಟೋರು ನೀವೇ ಮೊದಲು." ಆದರೂ ನೌಕರಿ ನೌಕರಿಯೇ ಎಂದು ಮುಚ್ಚಳ ಎಬ್ಬಿಸಿದರು. ಬೀದಿಯ ಕಿಟಕಿಗಳೆಲ್ಲ ಒಟ್ಟಿಗೆ ಮುಚ್ಚಿಕೊಂಡವು. ನನ್ನ ತಮ್ಮ ಮಾತ್ರ ಬಗ್ಗಿ, ಕಣ್ಣು ಮುಚ್ಚಿ, ವಿಧಿವತ್ತಾಗಿ ಮೂಸಿದ. ಎದ್ದು ನಿಂತ ಅವನ ಮುಖ ಬಿಳಿಚಿಕೊಂಡಿತ್ತು.

"ಇಲ್ಲಿಲ್ಲ," ಎಂದ. ಚರಂಡಿಯಲ್ಲಿ ಕಾಫಿ ಇಲ್ಲವೆಂದು ಅಷ್ಟು ದುಃಖಪಟ್ಟವನನ್ನು ನಾನು ಬೇರೆ ಕಂಡಿಲ್ಲ.

ಮಂಡಿ ನೋವಿಗೆ ನಾನು ಹಚ್ಚುವ ಎಣ್ಣೆಯ ಸೀಸೆಯೊಂದು ಮೂಸದೆ ಉಳಿದಿತ್ತು. ಅದನ್ನೂ ಮೂಸಿ ಕೆಮ್ಮುತ್ತ ಕೂತಿದ್ದಾಗ ನಾನು ಹೇಳಿದೆ: "ಇಷ್ಟೆಲ್ಲ ಮೂಸಿದ್ದೀಯ. ಸಾಮಾನು ಬಿಟ್ಟು ಬೇರೇನಾದ್ರೂ ಉಳ್ದಿದ್ಯಾ ನೋಡು."

ಅವನು ಯೋಚಿಸಿದ. ಕಣ್ಣುಗಳು ಹೊಳೆದವು. "ಹೌದಕ್ಕಾ! ಗೋಡೆ!" ಎಂದು ಗೋಡೆ ಮೂಸಲು ಎದ್ದ.

ದೇವರು ಕೊಟ್ಟ ಬುದ್ಧಿಗೆ ನಾನು ಕೈ ಹಾಕಬಾರದೆಂದು ಸುಮ್ಮನಾದೆ.

ಇಷ್ಟರವರೆಗೆ ಇದು ಮನೆಯ ಮಾತು. ಆಫೀಸಿಗೆ ಹೋದದ್ದು ಮಫ್ಲರಿನಿಂದ. ಚಳಿ ಹೆಚ್ಚಾದಂತೆ ನಾದಿನಿ ಸಂಜೆ ಬಾಲ್ಕನಿಯಲ್ಲಿ ನಿಂತು ಗಂಡನ ದಾರಿ ಕಾಯುವಾಗ ಗೂಟಕ್ಕೆ ತೂಗಿದ್ದ ಅವನ ಮಫ್ಲರನ್ನೇ ಕತ್ತಿಗೆ ಸುತ್ತಿಕೊಳ್ಳುತ್ತಿದ್ದಳು. ಪರೀಕ್ಷೆಯ ದಿನ ಬೆಳಿಗ್ಗೆ ಮಂಜು ಬಿದ್ದಿತ್ತು. ಅವನು ಅದನ್ನೇ ಸುತ್ತಿಕೊಂಡು ಹೊರಟ. ತನ್ನ ಮೈಮೇಲಿರುವ ಬಟ್ಟೆಯೂ ಅವನ ಲೆಕ್ಕದಲ್ಲಿ ಮನುಷ್ಯನ ಪಾಲಿಗೇ ಸೇರಿತ್ತು, ಹಾಗಾಗಿ ಅದನ್ನೂ ಎಣಿಕೆಯಿಂದ ಕಳೆದುಬಿಟ್ಟ. ದಾರಿಯುದ್ದಕ್ಕೂ ಕಾಫಿಯ ವಾಸನೆ ಬೆನ್ನು ಬಿಡದೆ ಬಂದಾಗ ಅವನಿಗೆ ಖಾತ್ರಿಯಾಯಿತಂತೆ: ಮೂಗು ಕೈಕೊಟ್ಟಿತು.

ಆದರೆ ಆಫೀಸಿನ ಬಾಗಿಲಲ್ಲಿ ಕರ್ಚೀಫಿಗೂ ವಾಸನೆ ಬಂತು.

ಸ್ವಲ್ಪ ಹೊತ್ತಿಗೆ ಆಫೀಸಿನ ಜವಾನ ಏದುಸಿರು ಬಿಡುತ್ತ ನಮ್ಮ ಮೆಟ್ಟಿಲು ಹತ್ತಿದ.

"ಅಮ್ಮಾ, ಮನೆಯೋರು ಯಾರಾದ್ರೂ ಈಗ್ಲೇ ಬರ್ಬೇಕಂತೆ. ಮ್ಯಾನೇಜರು ಹೇಳಿದ್ರು. ನಿಮ್ಮ ಯಜಮಾನ್ರು ಎದುರು ರಸ್ತೆ ಕಂಪನಿಯೋರಿಗೆ ಮೂಗು ಮಾರ್ಕೊಂಡಿದಾರೆ ಅಂತ ಕರ್ಚೀಫ್ ಸಾರ್ ಹೇಳ್ತಿದಾರೆ. ದಿನಾ ಅಲ್ಲಿ ಹೋಗಿ... ಅದು..." ಎಂದು ಕಣ್ಣಲ್ಲೇ ತೋರಿಸಿದ. "ಮೈಯೆಲ್ಲ ಅದರದೇ ವಾಸನೆ. ಪರೀಕ್ಷೆ ನಿಲ್ಲಿಸಿದಾರೆ. ಕೆಲಸದಿಂದಲೇ ತೆಗೀತೀವಿ ಅಂತಿದಾರೆ."

"ಅವ್ರೇನಂದ್ರು?" ಎಂದಳು ನಾದಿನಿ.

"ಅವ್ರಾ? ಅವ್ರು ಅಳ್ತಾ ಕೂತಿದಾರೆ. 'ನಿಮಗೂ ಬರ್ತಿದ್ಯಾ? ನಿಜವಾಗ್ಲೂ ಬರ್ತಿದ್ಯಾ?' ಅಂತ ಎಲ್ಲರ ಕೈ ಹಿಡ್ಕೊಂಡು ಕೇಳ್ತಿದಾರೆ. ಖುಷೀಲಿ ಅಳ್ತಿದಾರೋ ದುಃಖದಲ್ಲೋ ಗೊತ್ತಾಗ್ತಿಲ್ಲ."

ನಾದಿನಿ ಹೊಲಿಗೆ ಮಿಷನ್ನಿನಿಂದ ಎದ್ದಳು. ಒಳಗೆ ಹೋಗಿ ಒಳ್ಳೆ ಸೀರೆ ಉಟ್ಟಳು. ಕನ್ನಡಿಯ ಮುಂದೆ ನಿಂತು ಬಾಟಲಿ ತೆಗೆದಳು.

"ಏ, ಈಗ ಬೇಡವೇ!" ಎಂದೆ. "ಹಾಡುಹಗಲು. ಆ ಹುಡುಗಿ ಏನಂದಿದ್ಳು?"

"ಯಾವಾಗ ಹಚ್ಕೋಬೇಕು ಅನ್ನೋದು ನನಗೀಗ ಗೊತ್ತಾಯ್ತು ಬಿಡಿ," ಎಂದಳು. ಕಿವಿಗೆ ಹಚ್ಚಿದಳು, ಕತ್ತಿಗೆ ಹಚ್ಚಿದಳು, ಎರಡೂ ಮಣಿಕಟ್ಟಿಗೆ ಹಚ್ಚಿದಳು. ತೊಟ್ಟಿನ ಲೆಕ್ಕ ಇರಲಿಲ್ಲ. ಮೆಟ್ಟಿಲಿಳಿಯುವಾಗ ಟೀಚರಮ್ಮ ಬಾಗಿಲು ತೆಗೆದು, "ಹೋಗು ಮಗಳೇ," ಎಂದರು, ಯುದ್ಧಕ್ಕೆ ಕಳಿಸುವವರ ಹಾಗೆ. ಬಸ್ಸಿನಲ್ಲಿ ಇಬ್ಬರು ನಿದ್ದೆಯಿಂದ ಎದ್ದರು.

ರುಚಿ ಕೋಣೆಯನ್ನು ನಾನು ಅವತ್ತೇ ಮೊದಲು ಕಂಡದ್ದು. ಬಿಳಿ ಗೋಡೆ, ಉದ್ದನೆ ಮೇಜು, ಸಾಲಾಗಿ ಬಿಳಿ ಬಟ್ಟಲು, ನೆಲದ ಮೇಲೆ ಉಗುಳುವುದಕ್ಕೆ ಸೊಂಟದೆತ್ತರದ ಹಿತ್ತಾಳೆ ಪೀಕದಾನಿ. ಮೇಜಿನ ಆ ಕಡೆ ಮ್ಯಾನೇಜರು, ದೊಡ್ಡ ನಾಲಿಗೆ. ಈ ಕಡೆ ಕರ್ಚೀಫು. ಮೂಲೆಯ ಸ್ಟೂಲಿನ ಮೇಲೆ ನನ್ನ ತಮ್ಮ, ಪಕ್ಕದಲ್ಲಿ ಕಳ್ಳತನದ ಮಾಲಿನ ಹಾಗೆ ಗಾಜಿನ ಜಾಡಿಯೊಳಗೆ ಮುಚ್ಚಿಟ್ಟ ಮಫ್ಲರು.

ನಾದಿನಿ ಹೊಸ್ತಿಲು ದಾಟಿದ್ದೇ ತಡ, ದೊಡ್ಡ ನಾಲಿಗೆ "ಮುಚ್ಚಳ! ಮುಚ್ಚಳ!" ಎಂದು ಕೂಗಿಕೊಂಡರು. ಜವಾನ ಬಟ್ಟಲುಗಳ ಮೇಲೆ ಮುಚ್ಚಳ ಮುಚ್ಚುತ್ತ ಮೇಜಿನುದ್ದಕ್ಕೂ ಓಡಿದ. ಕರ್ಚೀಫು ಮೂಗಿಗೆ ಕರ್ಚೀಫು ಹಿಡಿದ. ತಡವಾಗಿತ್ತು. ಕೋಣೆಯೇ ಕಾಫಿಯಾಗಿಬಿಟ್ಟಿತು.

"ಯಾರಮ್ಮಾ ನೀವು?" ಎಂದರು ಮ್ಯಾನೇಜರು.

"ಇವ್ರ ಹೆಂಡತಿ. ಇವ್ರು ಎದುರು ರಸ್ತೆಗೂ ಹೋಗಿಲ್ಲ, ಹಿಂದಿನ ರಸ್ತೆಗೂ ಹೋಗಿಲ್ಲ. ವಾಸನೆ ನಂದು. ಸೆಂಟು. ಆ ಮಫ್ಲರ್ ದಿನಾ ಸಂಜೆ ನನ್ನ ಕತ್ತಲ್ಲಿರುತ್ತೆ."

"ನಾಟಕ!" ಎಂದ ಕರ್ಚೀಫು ಬಟ್ಟೆಯೊಳಗಿಂದ. "ಸಾರ್, ನಂಬಬೇಡಿ. ಹೆಂಡತಿ ಸೆಂಟು ಹಚ್ಚಿದ್ರೆ ಗಂಡನಿಗೆ ಗೊತ್ತಾಗಲ್ವಾ? ಅದೂ ಮೂಗುರಾಯನಿಗೆ?"

ಆ ಪ್ರಶ್ನೆಗೆ ಕೋಣೆಯಲ್ಲಿ ಎಲ್ಲರೂ ಉತ್ತರಕ್ಕಾಗಿ ನನ್ನ ತಮ್ಮನ ಕಡೆ ನೋಡಿದರು. ಉತ್ತರ ಕೊಟ್ಟದ್ದು ನಾದಿನಿ.

"ಗೊತ್ತಾಗಲ್ಲ ಸಾರ್. ಇವ್ರು ಕೆಟಲ್ ಮೂಸಿದ್ರು, ಕಸದ ಬುಟ್ಟಿ ಮೂಸಿದ್ರು. ಅಕ್ಕನ ಮಂಡಿ ಎಣ್ಣೆ ಮೂಸಿದ್ರು. ಮುನಿಸಿಪಾಲಿಟಿಯೋರನ್ನ ಕರ್ಸಿ ಚರಂಡಿ ತೆಗ್ಸಿ ಮೂಸಿದ್ರು, ಬೇಕಾದ್ರೆ ಇನ್‌ಸ್ಪೆಕ್ಟ್ರನ್ನ ಕೇಳಿ. ಗೋಡೆ ಮೂಸಿದ್ರು. ನನ್ನೊಬ್ಬಳನ್ನ ಬಿಟ್ಟು."

ಮುಚ್ಚಳ ಹಿಡಿದಿದ್ದ ಜವಾನನ ಕೈ ಅಲ್ಲೇ ನಿಂತಿತು. ಮ್ಯಾನೇಜರು ಮೇಜಿನ ಮೇಲಿನ ಚಮಚವನ್ನು ಸುಮ್ಮನೆ ಈ ಕಡೆಯಿಂದ ಆ ಕಡೆಗಿಟ್ಟರು. ಬಹುಶಃ ಅವರಿಗೂ ಮದುವೆಯಾಗಿತ್ತು.

ಕೊನೆಗೆ ಅವರು ಗಂಟಲು ಸರಿಮಾಡಿಕೊಂಡರು. "ಸರಿ. ದ್ರೋಹ ಇಲ್ಲ ಅಂತಾಯ್ತು. ಮಫ್ಲರಿನ ವಾಸನೆಯೊಳಗೂ ಇವತ್ತು ಬೆಳಿಗ್ಗೆ ಮೊದಲ ಸಾಲಿನ ಎಲೆಗಳನ್ನ ತಪ್ಪಿಲ್ಲದೆ ಗುರುತಿಸಿದಾನೆ. ಅಂಥ ಮೂಗು ನಮಗೆ ಬೇಕು. ಆದ್ರೆ ಹಿರಿಯ ರುಚಿಗಾರನ ಮನೆ ಅಂದ್ರೆ ಈ ಕೋಣೆ ಇದ್ದ ಹಾಗೆ. ಅಲ್ಲಿ ಅದು ಇರಕೂಡದು. ಆ ಬಾಟ್ಲಿ ಇವತ್ತೇ ಮನೆ ಬಿಡ್ಬೇಕು. ಬಿಟ್ರೆ ಕುರ್ಚಿ ನಿಂದು ಕಣಯ್ಯ. ಇಲ್ಲಾಂದ್ರೆ ಗೋದಾಮು. ಈಗ್ಲೇ ಹೇಳು."

ಕರ್ಚೀಫು ಬಟ್ಟೆ ಇಳಿಸಿ ಕಾದ. ದೊಡ್ಡ ನಾಲಿಗೆ ತಮ್ಮ ಕುರ್ಚಿಯ ಬೆನ್ನನ್ನು ಸವರಿದರು. ನಾದಿನಿ ಗಂಡನ ಕಡೆ ನೋಡಲಿಲ್ಲ. ಪೀಕದಾನಿಯ ಮೇಲಿನ ಹೂಬಳ್ಳಿಯ ಕೆತ್ತನೆಯನ್ನು ಬಹಳ ಆಸಕ್ತಿಯಿಂದ ನೋಡುತ್ತ ನಿಂತಳು. ಅವಳ ಸೆರಗಿನ ತುದಿ ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಿದ್ದು ನನಗೆ ಮಾತ್ರ ಕಾಣುತ್ತಿತ್ತು.

ತಮ್ಮ ಎದ್ದ. ನೇರವಾಗಿ ಮ್ಯಾನೇಜರ ಹತ್ತಿರ ಹೋಗುತ್ತಾನೆಂದುಕೊಂಡೆ. ಹೆಂಡತಿಯ ಹತ್ತಿರ ಹೋದ. ಕೈಯೆರಡನ್ನೂ ಬೆನ್ನ ಹಿಂದೆ ಕಟ್ಟಿ, ಮೇಜಿಗೆ ಬಗ್ಗುವ ಹಾಗೆ ಬಗ್ಗಿ, ಕಣ್ಣು ಮುಚ್ಚಿ, ಅವಳ ಕಿವಿಯ ಹಿಂದೆ ಮೂಗಿಟ್ಟು ಎಳೆದ. ಆ ಸದ್ದಿಗೆ ಬಟ್ಟಲ ಮುಚ್ಚಳಗಳು ಅದುರಿದವೆಂದು ಜವಾನ ಇವತ್ತಿಗೂ ಹೇಳುತ್ತಾನೆ.

"ಮೊದಲು ಸ್ವಲ್ಪ ಸುಟ್ಟ ಹಾಗೆ," ಎಂದ ತಮ್ಮ, ಕಣ್ಣು ತೆರೆಯದೆ, ಕಚೇರಿಯ ದನಿಯಲ್ಲಿ. "ಆಮೇಲೆ ಹಾಲು. ಆಮೇಲೆ ಒಣಗಿದ ಮರ. ಅದರ ಕೆಳಗೆ..."

"ಅದರ ಕೆಳಗೆ?" ದೊಡ್ಡ ನಾಲಿಗೆ ಅಭ್ಯಾಸಬಲದಿಂದ ಕೇಳಿಬಿಟ್ಟರು.

"ಅದರ ಕೆಳಗೆ ಇವಳಿದಾಳೆ ಸಾರ್."

"ದರ್ಜೆ?"

"ಇದು ಮಾರೋ ಮಾಲಲ್ಲ."

"ಮಾರೋಕೆ ನಾನೇನು ಮೂಟೆಯಾ?" ಎಂದಳು ನಾದಿನಿ. ಕೆನ್ನೆ ಕೆಂಪಾಗಿತ್ತು. ಆದರೆ ದೂರ ಸರಿಯಲಿಲ್ಲ.

"ಪರೀಕ್ಷೆ ಸಾಕು. ಉತ್ತರ ಹೇಳಯ್ಯ," ಎಂದರು ಮ್ಯಾನೇಜರು. "ಬಾಟ್ಲಿಯೋ, ಕುರ್ಚಿಯೋ?"

ತಮ್ಮ ತಲೆ ಕೆರೆದುಕೊಂಡ. ಅವನಿಗೆ ದೊಡ್ಡ ಮಾತು ಬರುವುದಿಲ್ಲ. ಬಂದಿದ್ದರೆ ಅವತ್ತು ಕೆಡಿಸಿಬಿಡುತ್ತಿದ್ದ. ಕಸುಬಿನ ಮಾತನ್ನೇ ಆಡಿದ.

"ಬಾಟ್ಲಿ ಹೋದ್ರೂ ಪ್ರಯೋಜನ ಇಲ್ಲ ಸಾರ್. ಇಷ್ಟು ವರ್ಷ ಇವಳನ್ನ ಕಳೆದೇ ಟೀ ಮೂಸ್ತಿದ್ದೆ. ಈಗ ಮೂಗಿಗೆ ಸಿಕ್ಕಿಬಿಟ್ಳು. ಇನ್ಮೇಲೆ ಕಳೆಯೋಕೆ ಬರಲ್ಲ. ಯಾವ ಬಟ್ಟಲು ಕೊಟ್ರೂ ಮೊದಲು ಇವಳೇ ಬರ್ತಾಳೆ. ಅಂಥ ಮೂಗಿಗೆ ಕುರ್ಚಿ ಕೊಟ್ರೆ ಕಂಪನಿಗೆ ಮೋಸ."

ಮ್ಯಾನೇಜರು ಅವನನ್ನೇ ನೋಡಿದರು. ಹುಚ್ಚನೋ ಪ್ರಾಮಾಣಿಕನೋ ತೀರ್ಮಾನವಾಗಲಿಲ್ಲವೆಂದು ಕಾಣುತ್ತದೆ. "ಕಿಟಕಿ ತೆಗೀರಿ," ಎಂದಷ್ಟೇ ಹೇಳಿದರು.

ಬಸ್‌ ಸ್ಟಾಪಿನವರೆಗೂ ನಾದಿನಿ ಮುಂದೆ ಮುಂದೆ ನಡೆದಳು. ಅಲ್ಲಿ ನಿಂತ ಮೇಲೆ, "ಗೋಣಿಚೀಲದ ವಾಸನೆ ಹೊತ್ಕೊಂಡು ಮನೆಗೆ ಬಂದ್ರೆ ಬಾಗಿಲಲ್ಲೇ ನಿಲ್ಲಿಸ್ತೀನಿ," ಎಂದಳು. "ಆಗ್ಲಿ," ಎಂದ ಅವನು. ಬಸ್ಸು ಬಂತು. ಖಾಲಿ ಇತ್ತು, ಬೇಕಾದಷ್ಟು ಸೀಟಿತ್ತು. ಆದರೂ ಇಬ್ಬರ ಸೀಟಿನಲ್ಲಿ ಅವಳ ಪಕ್ಕ ಕೂತ. ಹಿಂದೆ ನಾನೊಬ್ಬಳೇ ಕೂತು ಎರಡು ತಲೆಗಳ ನಡುವಿನ ಸಂದು ಕ್ರಮೇಣ ಮುಚ್ಚಿಹೋಗುವುದನ್ನು ನೋಡುತ್ತ ಬಂದೆ.

ಆ ತಿಂಗಳ ಕೊನೆಯ ಶುಕ್ರವಾರ ದೊಡ್ಡ ನಾಲಿಗೆ ಹಾರ ಹಾಕಿಸಿಕೊಂಡು ನಿವೃತ್ತರಾಗಿ ಹೋದರು. ಆ ಕುರ್ಚಿಯಲ್ಲಿ ಕರ್ಚೀಫು ಕೂತ. ಸೋಮವಾರ ನನ್ನ ತಮ್ಮ ರುಚಿ ಕೋಣೆ ಬಿಟ್ಟು ಕೆಳಗಿನ ಗೋದಾಮಿಗೆ ಹೋದ. ಬುಧವಾರ ಸಂಜೆ, ಮೆಟ್ಟಿಲ ಮೇಲೆ ಕಾಫಿಯ ಪರಿಮಳ ಬಿಟ್ಟು, ಗಂಡ ಹೆಂಡತಿ ಇಬ್ಬರೂ ಸುತ್ತಾಡಲು ಹೊರಟರು. ಎಲ್ಲಿಗೆಂದು ಹೇಳಲಿಲ್ಲ; ನೀನೂ ಬಾ ಎಂದು ಕರೆಯಲೂ ಇಲ್ಲ.